ಸದ್ದಡಗಿಸುವ ಕೊಳವೆಯೂ ಸಂಗ್ರಾಹಕರ ಹಂಬಲವೂ



ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಮೈಲುತುತ್ತಿನ ಹಂಚಿಕೆ, ಕಣಕ್ಕೆ ಟಾರ್ಪಾಲು, ಅಡಿಕೆ ಕೊಯ್ಲಿನ ದೋಟಿ ಖರೀದಿ ಇವೆಲ್ಲ ತೀರ್ಮಾನವಾಗಿ, ಇನ್ನೇನು ಕಾಫಿ ಕುಡಿದು ಏಳಬೇಕು ಎನ್ನುವಾಗ 'ಇತರ ವಿಷಯ' ಎಂಬ ಕೊನೆಯ ಬಾಬಿನಲ್ಲಿ ಒಂದು ಅರ್ಜಿ ಬಂದಿತು. ನಮ್ಮ ಸಂಘವು ಪಲ್ಪರಿನ ಬಿಡಿಭಾಗಗಳನ್ನು ವಿದೇಶದಿಂದ ಒಟ್ಟಾಗಿ ತರಿಸುವುದು ತಮಗೆಲ್ಲ ತಿಳಿದಿದೆ. ಆ ಪೆಟ್ಟಿಗೆಯಲ್ಲೇ ತನ್ನದೂ ಒಂದು ಸಣ್ಣ ಪಾರ್ಸೆಲು ಸೇರಿಬರಲಿ ಎಂದು ತರುಣ ಸದಸ್ಯರೊಬ್ಬರ ಕೋರಿಕೆ. ಪಾರ್ಸೆಲಿನಲ್ಲಿ ಏನಿದೆಯೆಂದು ವಿಚಾರಿಸಲಾಗಿ, ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಬಂದೂಕೊಂದರ ಸೈಲೆನ್ಸರಿನ, ಅಂದರೆ ಸದ್ದಡಗಿಸುವ ಕೊಳವೆಯ, ಹೊಸದಾಗಿ ತಯಾರಾದ ನಕಲು ಎಂದು ಗೊತ್ತಾಯಿತು. ಅಮೆರಿಕದಲ್ಲಿರುವ ಅವರ ಸೋದರಮಾವ ಹಳೆಯ ಸೇನಾ ಬಂದೂಕುಗಳ ಸಂಗ್ರಾಹಕರು. ಅಳಿಯನ ಮನೆಯ ಗಾಜಿನ ಬೀರುವಿನಲ್ಲಿ ಅಜ್ಜನ 315 ರೈಫಲಿನ ಪಕ್ಕದಲ್ಲಿ ಇಡಲು ಕಳಿಸುತ್ತಾರಂತೆ. ಬರೀ ನೋಟಕ್ಕೆ.

ನಾವು ಅಂದೇ, ಅಲ್ಲೇ, ಆಗದು ಎಂದೆವು. ಆಡಳಿತ ಮಂಡಳಿಯ ಇಬ್ಬರು ಸದಸ್ಯರು ನಮ್ಮದು ಸ್ವಲ್ಪ ಒರಟಾಯಿತು ಎಂದು ಅಭಿಪ್ರಾಯಪಟ್ಟರು. ಆ ತರುಣರಂತೂ ಹೊರಗೆ ಜೀಪಿನ ಬಳಿ ನಿಂತು, ಕಾರ್ಯದರ್ಶಿಗಳಿಗೆ ಕೋವಿ ಎಂದರೆ ಹೆದರಿಕೆ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರಂತೆ. ಆದಕಾರಣ ಈ ಸಂಚಿಕೆಯಲ್ಲಿ ಬೆಲೆ ಧಾರಣೆಯ ವಿಚಾರವನ್ನು ಬದಿಗಿಟ್ಟು, ನಮ್ಮ ನಿರಾಕರಣೆಯ ಹಿಂದಿನ ಆಲೋಚನೆಯನ್ನು ವಿವರಿಸಬೇಕಾಗಿದೆ. ಹೆದರಿಕೆಯ ಮಾತಿಗೆ ಉತ್ತರ ಚಿಕ್ಕದು. ಮೂವತ್ತು ವರ್ಷಗಳಿಂದ ಜೋಡುನಳಿಗೆ ಕೋವಿಯ ಪರವಾನಗಿ ನಮ್ಮ ಹೆಸರಿನಲ್ಲಿದೆ. ಬತ್ತದ ಗದ್ದೆಗೆ ಬಂದ ಹಂದಿಗಳನ್ನು ಬೆದರಿಸಲು ಹೊಡೆದ ಈಡುಗಳಿಗೆ ಲೆಕ್ಕವಿಲ್ಲ. ಅದರ ಫಲವಾಗಿ ನಮ್ಮ ಎಡಗಿವಿ ಮಂದ. ಬಲಭುಜಕ್ಕೆ ಕೋವಿ ಕೊಟ್ಟು ಹೊಡೆಯುವವರಿಗೆ ಎಡಗಿವಿಯೇ ನಳಿಗೆಯ ಬಾಯಿಗೆ ಹತ್ತಿರ, ಪೆಟ್ಟು ಅದಕ್ಕೇ ಹೆಚ್ಚು. ಆದುದರಿಂದ ಸದ್ದಡಗಿಸುವ ವಸ್ತುವಿನ ಬಗ್ಗೆ ನಮಗೆ ದ್ವೇಷವಿರಲು ಕಾರಣವೇ ಇಲ್ಲ.

ಈ ವಸ್ತುವಿನ ಹುಟ್ಟು ಸ್ವಾರಸ್ಯವಾದದ್ದು. ಮ್ಯಾಕ್ಸಿಮ್ ಎಂಬ ಹೆಸರು ಕೇಳದವರಿಲ್ಲ. ನಿಮಿಷಕ್ಕೆ ನೂರಾರು ಗುಂಡು ಉಗುಳುವ ಮೆಷಿನ್ ಗನ್ ಕಂಡುಹಿಡಿದ ಹಿರಮ್ ಸ್ಟೀವನ್ಸ್ ಮ್ಯಾಕ್ಸಿಮ್. ತಂದೆ ಲೋಕಕ್ಕೆಲ್ಲ ಸದ್ದು ಹಂಚಿದರೆ ಮಗ ಹಿರಮ್ ಪರ್ಸಿ ಮ್ಯಾಕ್ಸಿಮ್ ಸದ್ದನ್ನು ಅಡಗಿಸಲು ಹೊರಟ. 1909ರಲ್ಲಿ ಅವನಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಸ್ನಾನದ ತೊಟ್ಟಿಯ ನೀರು ಸುಳಿಸುಳಿಯಾಗಿ ಸದ್ದಿಲ್ಲದೆ ಇಳಿದುಹೋಗುವುದನ್ನು ಕಂಡು ಇದು ಹೊಳೆಯಿತೆಂದು ಒಂದು ಕಥೆಯುಂಟು. ಆಗ ಅದನ್ನು ಯಾರೂ ಕೊಲೆಗಡುಕರ ಸಾಧನವೆಂದು ಭಾವಿಸಲಿಲ್ಲ. ಹಿತ್ತಲಿನಲ್ಲಿ ಗುರಿ ಹೊಡೆದು ಅಭ್ಯಾಸ ಮಾಡುವವರು ನೆರೆಹೊರೆಯವರ ನಿದ್ದೆ ಕೆಡಿಸದಿರಲೆಂದು ಅಂಗಡಿಗಳಲ್ಲೂ ಅಂಚೆಯಲ್ಲೂ ಕೆಲವೇ ಡಾಲರಿಗೆ ಮಾರಿದರು. ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ ಅವರ ವಿಂಚೆಸ್ಟರ್ ರೈಫಲಿಗೂ ಅದೇ ಮ್ಯಾಕ್ಸಿಮ್ ಕೊಳವೆಯಿತ್ತು. ಅಮೆರಿಕದ ಸೇನೆಯು ತನ್ನ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿಗೆ ಅದನ್ನು ಹಾಕಿ ಪರೀಕ್ಷಿಸಿತು. ಅದೇ ತತ್ತ್ವವನ್ನು ಎಂಜಿನುಗಳ ಹೊಗೆಕೊಳವೆಗೂ ಬಳಸಿದರು. ನಮ್ಮ ತೋಟದ ಡೀಸೆಲ್ ಪಂಪಿನ ಮೇಲೆ ತಲೆಕೆಳಗಾದ ಚೊಂಬಿನಂತೆ ಕೂತಿರುವ ವಸ್ತು ಇದರ ದಾಯಾದಿಯೇ. ಈ ಪರ್ಸಿ ಮ್ಯಾಕ್ಸಿಮ್ ಮಹಾಶಯ 1914ರಲ್ಲಿ ಹವ್ಯಾಸಿ ರೇಡಿಯೊದವರ ಸಂಘವನ್ನೂ ಕಟ್ಟಿದವನು. ಸಂಘ ಕಟ್ಟುವವರ ಮೇಲೆ ನಮಗೆ ಸಹಜವಾಗಿ ಒಂದಿಷ್ಟು ಅಭಿಮಾನ.

ಅದು ಕೆಲಸ ಮಾಡುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಮದ್ದು ಉರಿದು ಹುಟ್ಟುವ ಅನಿಲ ಅತಿ ಒತ್ತಡದಲ್ಲಿ ನಳಿಗೆಯ ಬಾಯಿಂದ ಒಮ್ಮೆಲೇ ಹೊರಕ್ಕೆ ಸಿಡಿಯುವುದೇ ಈಡಿನ ಢಂ ಸದ್ದು. ಆ ಅನಿಲವನ್ನು ಕೊಳವೆಯೊಳಗಿನ ಕೋಣೆಗಳಲ್ಲಿ ತಡೆದು, ತಣಿಸಿ, ನಿಧಾನವಾಗಿ ಬಿಟ್ಟರೆ ಸದ್ದು ತಗ್ಗುತ್ತದೆ. ಆದರೆ ಸಿನಿಮಾದಲ್ಲಿ ಕೇಳುವ ಆ 'ಪುಸ್' ಎಂಬ ಸದ್ದನ್ನು ನಂಬಬೇಡಿ. ಗುಂಡು ಸದ್ದಿಗಿಂತ ವೇಗವಾಗಿ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗೂ ಮಿಗಿಲಾಗಿ ಹಾರಿದರೆ, ಗಾಳಿಯನ್ನು ಸೀಳುವ ಚಾಟಿಯೇಟಿನಂಥ ಇನ್ನೊಂದು ಸದ್ದು ದಾರಿಯುದ್ದಕ್ಕೂ ಇದ್ದೇ ಇರುತ್ತದೆ. ಅದಕ್ಕೆ ಯಾವ ಕೊಳವೆಯೂ ಮದ್ದಲ್ಲ. ಸಾಮಾನ್ಯ ರೈಫಲಿನ ಸದ್ದು 160 ಡೆಸಿಬೆಲ್ಲಿನ ಆಸುಪಾಸು. ಒಳ್ಳೆಯ ಕೊಳವೆ ಅದನ್ನು 20ರಿಂದ 35ರಷ್ಟು ಇಳಿಸೀತು. ಅಷ್ಟಾದರೂ ಕಿವಿಗೆ ಉಪಕಾರವೇ. 140 ದಾಟಿದ ಒಂದೇ ಸಿಡಿತ ಕೂಡ ಕಿವಿಯನ್ನು ಕೆಡಿಸಬಲ್ಲದು. ನಾರ್ವೆ, ಫಿನ್‌ಲೆಂಡ್‌ಗಳಲ್ಲಿ ಬೇಟೆಗಾರರು ಇದನ್ನು ನಾವು ಕಾಲಿಗೆ ಗಂಬೂಟು ಹಾಕಿಕೊಂಡಷ್ಟೇ ಸಲೀಸಾಗಿ ಬಳಸುತ್ತಾರೆ.

ಅಮೆರಿಕದಲ್ಲಿ ಮಾತ್ರ ಚರಿತ್ರೆ ಬೇರೆ ಹಾದಿ ಹಿಡಿಯಿತು. ಪಾನನಿರೋಧದ ಕಾಲದ ದರೋಡೆಕೋರರ ಹಾವಳಿಯಿಂದ ರೋಸಿದ ಸರ್ಕಾರ 1934ರಲ್ಲಿ ರಾಷ್ಟ್ರೀಯ ಬಂದೂಕು ಕಾಯಿದೆ ತಂದು, ಮೆಷಿನ್ ಗನ್ನು ಮತ್ತು ತುಂಡು ಬಂದೂಕುಗಳ ಜೊತೆಯಲ್ಲಿ ಸೈಲೆನ್ಸರನ್ನೂ ಸೇರಿಸಿತು. ಏಕೆ ಸೇರಿಸಿದರೆಂಬುದಕ್ಕೆ ಅಂದಿನ ಚರ್ಚೆಗಳಲ್ಲಿ ಹೇಳಿಕೊಳ್ಳುವಂಥ ವಿವರಣೆಯಿಲ್ಲ. ನಿಷೇಧವಲ್ಲ, ಪ್ರತಿಯೊಂದನ್ನೂ ನೋಂದಾಯಿಸಬೇಕು, ಕೈ ಬದಲಾದಾಗ 200 ಡಾಲರ್ ತೆರಿಗೆ ಕಟ್ಟಬೇಕು. ಕೆಲವೇ ಡಾಲರಿನ ವಸ್ತುವಿಗೆ 200 ಡಾಲರ್ ತೆರಿಗೆ! ಇಂದಿನ ಲೆಕ್ಕದಲ್ಲಿ ಅದು 4000 ಡಾಲರಿಗೂ ಮೀರಿದ್ದು. ಕೊಟ್ಟಿಗೆಯ ಬೀಗಕ್ಕೆ ಕೊಟ್ಟಿಗೆಗಿಂತ ಹೆಚ್ಚು ಬೆಲೆ ಇಟ್ಟ ಹಾಗೆ. ಜನಬಳಕೆಯ ವಸ್ತುವಾಗಿದ್ದ ಸೈಲೆನ್ಸರ್ ಅಲ್ಲಿಗೆ ಮೂಲೆ ಸೇರಿತು.

ಅದು ಮತ್ತೆ ಮೇಲೆದ್ದದ್ದು ಮಹಾಯುದ್ಧದಲ್ಲಿ, ಈ ಬಾರಿ ನಿಜವಾಗಿಯೂ ಕತ್ತಲೆಯ ಕೆಲಸಕ್ಕೆ. ಸಂಗ್ರಾಹಕರ ಮೋಹವೆಲ್ಲ ನೆಟ್ಟಿರುವುದು ಈ ಅಧ್ಯಾಯದ ಮೇಲೆ. ಲಂಡನ್ನಿನ ಉತ್ತರಕ್ಕೆ ವೆಲ್ವಿನ್ ಎಂಬ ಊರಿನ ಬಳಿ ಬ್ರಿಟಿಷ್ ಗುಪ್ತ ಕಾರ್ಯಾಚರಣೆಯ ಇಲಾಖೆಯವರಿಗೆ ಒಂದು ಕಾರ್ಯಾಗಾರವಿತ್ತು. ಅಲ್ಲಿ ತಯಾರಾದ ಹಲವು ಸಾಧನಗಳ ಹೆಸರಿಗೆ ಊರಿನ ಹೆಸರಿನ ಮೊದಲ ಭಾಗ ಅಂಟಿಕೊಂಡಿತು. ವೆಲ್‌ರಾಡ್ ಅಂಥದೊಂದು ಪಿಸ್ತೂಲು. ಹಿಡಿ ಕಳಚಿದರೆ ಸೈಕಲ್ ಪಂಪಿನಂತೆ ಕಾಣುತ್ತದೆ. ಸ್ಟೆನ್ ಗನ್ನಿನ ಸೈಲೆನ್ಸರ್ ಇದ್ದ ಮಾದರಿಯಲ್ಲಿ ಕೊಳವೆ ಕಾದು ಕೈ ಸುಡುತ್ತಿದ್ದುದರಿಂದ ಅದಕ್ಕೆ ಕ್ಯಾನ್ವಾಸಿನ ಕವಚ ಸುತ್ತುತ್ತಿದ್ದರು. ರಷ್ಯನ್ನರು ತಮ್ಮ ಮೊಸಿನ್ ನಾಗಾಂತ್ ರೈಫಲಿಗೆ ಬ್ರಾಮಿತ್ ಎಂಬ ಕೊಳವೆ ಹಾಕಿದರು. ಮಿತಿನ್ ಸಹೋದರರು ರೂಪಿಸಿದ್ದರಿಂದ ಆ ಹೆಸರು. ಅಮೆರಿಕನ್ನರ ಹೈ ಸ್ಟ್ಯಾಂಡರ್ಡ್ ಎಂಬ 22ರ ಪಿಸ್ತೂಲು ಯುದ್ಧ ಮುಗಿದ ಮೇಲೂ ಉಳಿಯಿತು. 1960ರ ಮೇ 1ರಂದು ರಷ್ಯದ ಮೇಲೆ ಬೇಹುವಿಮಾನ ಹಾರಿಸಿ ಸಿಕ್ಕಿಬಿದ್ದ ಗ್ಯಾರಿ ಪವರ್ಸ್ ಬಳಿ ದೊರೆತದ್ದು ಅದೇ.

ಇವೆಲ್ಲಕ್ಕಿಂತ ಸಂಗ್ರಾಹಕರ ಬಾಯಲ್ಲಿ ನೀರೂರಿಸುವುದು ಡಿ ಲೈಲ್ ಕಾರ್ಬೈನು. ನಮ್ಮ ತರುಣ ಸದಸ್ಯರ ಪಾರ್ಸೆಲೂ ಅದಕ್ಕೆ ಸಂಬಂಧಿಸಿದ್ದೇ. ವಿಲಿಯಂ ಗಾಡ್‌ಫ್ರೇ ಡಿ ಲೈಲ್ ಎಂಬಾತ ಇದನ್ನು ಮಾಡಿದ ರೀತಿ ನೋಡಿದರೆ ನಮ್ಮ ಮಲೆನಾಡಿನ ಮೆಕ್ಯಾನಿಕ್ಕುಗಳು ಮೆಚ್ಚಿಯಾರು: ಲೀ ಎನ್‌ಫೀಲ್ಡ್ ರೈಫಲಿನ ಒಡಲು, ಅಮೆರಿಕದ ಥಾಮ್ಸನ್ ಬಂದೂಕಿನ ನಳಿಗೆ, ಕೋಲ್ಟ್ ಪಿಸ್ತೂಲಿನ ಗುಂಡುಪೆಟ್ಟಿಗೆ, ಇವಕ್ಕೆ ಕಲಶವಿಟ್ಟಂತೆ ದಪ್ಪನೆಯ ಸೈಲೆನ್ಸರ್. ಬಳಸಿದ್ದು 45ರ ಪಿಸ್ತೂಲು ಗುಂಡು. ಅದು ಸದ್ದಿನ ವೇಗಕ್ಕಿಂತ ನಿಧಾನವಾಗಿ ಹೋಗುವುದರಿಂದ ಗಾಳಿ ಸೀಳುವ ಸದ್ದೂ ಇಲ್ಲ. ಲಂಡನ್ನಿನ ಒಂದು ಕಟ್ಟಡದ ಮಾಳಿಗೆಯಿಂದ ಥೇಮ್ಸ್ ನದಿಯ ನೀರಿಗೆ ಹೊಡೆದು ನೋಡಿದಾಗ ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿಯೂ ನೋಡಲಿಲ್ಲವೆಂದು ಹೇಳುತ್ತಾರೆ. ತಯಾರಾದದ್ದು 130ರ ಆಸುಪಾಸು ಮಾತ್ರ. ಯುದ್ಧಾನಂತರ ಮಲಯದ ಕಾಡುಗಳಲ್ಲೂ ಅದನ್ನು ಬಳಸಿದರು. ಬಳಿಕ ಹೆಚ್ಚಿನವನ್ನು ಒಡೆದುಹಾಕಿದರು. ಇಂದು ಒಂದನ್ನು ಕಣ್ಣಾರೆ ಕಾಣಬೇಕಾದರೆ ಬ್ರಿಟನ್ನಿನ ರಾಯಲ್ ಆರ್ಮರೀಸ್ ಸಂಗ್ರಹದಂಥ ಕಡೆಗೆ ಹೋಗಬೇಕು.

ಇಲ್ಲಿ ನಮ್ಮ ಸದಸ್ಯರಿಗೆ ಒಂದು ಮಾತು ಹೇಳಬೇಕು. ತೋಟದ ಹಲವು ಮನೆಗಳಲ್ಲಿರುವ 315 ರೈಫಲು ಇದೇ ಲೀ ಎನ್‌ಫೀಲ್ಡ್ ಒಡಲಿನದು. 303 ಸೇನೆಯ ಗುಂಡಾದ್ದರಿಂದ ಜನಸಾಮಾನ್ಯರಿಗೆ ನಿಷಿದ್ಧ. ಅದಕ್ಕೆಂದೇ 315 ಬಂದದ್ದು. ಆದುದರಿಂದ ಅಜ್ಜನ ರೈಫಲಿಗೂ ಆ ಕಮಾಂಡೊ ಬಂದೂಕಿಗೂ ರಕ್ತಸಂಬಂಧವಿದೆ ಎಂದು ನಮ್ಮ ತರುಣರು ಹಿಗ್ಗಿದ್ದರಲ್ಲಿ ತಪ್ಪೇನೂ ಇಲ್ಲ. ಒಡಲು ಒಂದೇ ಎಂಬ ಕಾರಣಕ್ಕಾಗಿಯೇ ಆ ಎರಡನ್ನೂ ಒಂದೇ ಬೀರುವಿನಲ್ಲಿ ಇಡಬಾರದೆಂದು ನಮ್ಮ ವಾದ. ಅದು ಮುಂದೆ ಬರುತ್ತದೆ.

ಮೂಲ ವಸ್ತು ಇಷ್ಟು ವಿರಳವಾದ ಮೇಲೆ ನಕಲು ಹುಟ್ಟದೆ ಇರುವುದೇ? ವಿರಳತೆಗೆ ಒಡೆದುಹಾಕಿದ್ದು ಒಂದು ಕಾರಣವಾದರೆ ಕಾನೂನು ಇನ್ನೊಂದು. ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರು ಚೀಲದಲ್ಲಿ ತಂದುಕೊಂಡ ವಸ್ತುಗಳಲ್ಲಿ ನೋಂದಾಯಿಸದೇ ಉಳಿದವು ಎಷ್ಟೋ. ಅಂಥವನ್ನು ತಂದು ದಂಡವಿಲ್ಲದೆ ನೋಂದಾಯಿಸಿಕೊಳ್ಳಿ ಎಂದು 1968ರ ನವೆಂಬರಿನಲ್ಲಿ ಒಂದು ತಿಂಗಳ ಕಾಲಾವಕಾಶ ಕೊಟ್ಟರು. ಆ ಬಾಗಿಲು ಮುಚ್ಚಿದ ಮೇಲೆ ಅಟ್ಟದ ಮೇಲೆ ಸಿಕ್ಕ ಅಜ್ಜನ ಸೈಲೆನ್ಸರು, ಎಷ್ಟೇ ಐತಿಹಾಸಿಕವಾಗಿರಲಿ, ಮೊಮ್ಮಗನ ಕೈಗೆ ಅಪರಾಧದ ವಸ್ತುವಾಗಿ ಬರುತ್ತದೆ. ಹೀಗಾಗಿ ಸಂಗ್ರಾಹಕನ ಬಳಿ ಬಂದೂಕಿರುತ್ತದೆ, ಅದರ ಮೂತಿಗೆ ಸೇರಬೇಕಾದ ಕೊಳವೆಯಿರುವುದಿಲ್ಲ. ಈ ಖಾಲಿ ಜಾಗವನ್ನು ತುಂಬಲು ಸಣ್ಣಪುಟ್ಟ ಕಾರ್ಯಾಗಾರಗಳು ಹುಟ್ಟಿಕೊಂಡವು. ಮ್ಯಾಕ್ಸಿಮನ ಹಳೆಯ ಮಾದರಿ, ಸ್ಟೆನ್ನಿನದು, ಡಿ ಲೈಲಿನದು, ವಿಯೆಟ್ನಾಂ ಯುದ್ಧದಲ್ಲಿ ಎಂ 16ಕ್ಕೂ ಎಂ 14ಕ್ಕೂ ಹಾಕುತ್ತಿದ್ದ ಸಯೋನಿಕ್ಸ್ ಮಾದರಿ, ಎಲ್ಲಕ್ಕೂ ನಕಲುಗಳಿಗೆ ಬೇಡಿಕೆಯಿದೆ.

ನಕಲಿನಲ್ಲೂ ಎರಡು ಜಾತಿ. ಒಂದು ಕೆಲಸ ಮಾಡುವ ನಕಲು: ಹೊರಗಿನಿಂದ 1943ರ ರೂಪ, ಒಳಗೆ ಈ ಕಾಲದ ಲೋಹ. ಇದು ಅಮೆರಿಕದ ಕಾನೂನಿನಲ್ಲಿ ಪೂರಾ ಸೈಲೆನ್ಸರೇ; ಬೆರಳಚ್ಚು, ಭಾವಚಿತ್ರ, ಅರ್ಜಿ, ನೋಂದಣಿ ಎಲ್ಲ ಬೇಕು. ಇನ್ನೊಂದು ಬರೀ ಬೊಂಬೆ: ಟೊಳ್ಳು ಕೊಳವೆ, ಒಳಗೆ ಏನೂ ಇಲ್ಲ, ನೋಟಕ್ಕಷ್ಟೇ. ಇವೆರಡರ ನಡುವೆ ಅಪಾಯದ ಗದ್ದೆಯಂಚೊಂದಿದೆ. ಅಲ್ಲಿಯ ಕಾನೂನಿನ ಪ್ರಕಾರ ಪೂರ್ಣ ಸೈಲೆನ್ಸರ್ ಆಗಬೇಕಿಲ್ಲ. ಅದಕ್ಕೆಂದೇ ಮಾಡಿದ ಒಂದು ಬಿಡಿಭಾಗವೂ ಸೈಲೆನ್ಸರೇ. ನಳಿಗೆ ತೊಳೆಯುವ ಎಣ್ಣೆ ಹಿಡಿಯುವ ಸಾಧನವೆಂದು ಹೆಸರಿಟ್ಟು ವಿದೇಶದಿಂದ ಅಗ್ಗವಾಗಿ ಬಂದ ಕೊಳವೆಗಳನ್ನು ಕೊಂಡು ಆಮೇಲೆ ಮನೆಬಾಗಿಲಿಗೆ ಅಧಿಕಾರಿಗಳು ಬಂದಾಗ ಕಣ್ಣು ಬಿಟ್ಟವರು ಅಲ್ಲಿ ಬಹಳ ಮಂದಿ.

ಸಂಗ್ರಾಹಕನ ಮನಸ್ಸು ನಮಗೆ ಅರ್ಥವಾಗದ್ದಲ್ಲ. ನಮ್ಮ ಮನೆಯ ಜಗಲಿಯಲ್ಲಿ ಅಜ್ಜನ ಕಾಲದ ಕೈಪಲ್ಪರೊಂದಿದೆ. ಅದರ ಗಾಲಿಚಕ್ರ ಎಂದೋ ಗುಜರಿಗೆ ಹೋಗಿತ್ತು. ಚಕ್ರವಿಲ್ಲದ ಪಲ್ಪರ್ ಕಂಡಾಗಲೆಲ್ಲ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಕೊನೆಗೆ ಹಳೆಯ ಫೋಟೊ ತೋರಿಸಿ ಒಬ್ಬ ಆಚಾರಿಯಿಂದ ಹೊಸ ಚಕ್ರ ಎರಕ ಹೊಯ್ಯಿಸಿದೆವು. ಬಣ್ಣ ಬಳಿದು, ಒಂದು ಮಳೆಗಾಲ ಅಂಗಳದಲ್ಲಿ ಬಿಟ್ಟು ತುಕ್ಕು ಹಿಡಿಸಿದ ಮೇಲೆ ಎಷ್ಟು ಚಂದ ಹೊಂದಿಕೊಂಡಿತೆಂದರೆ, ಹೋಂಸ್ಟೇ ನಡೆಸುವ ಪರಿಚಿತರೊಬ್ಬರು ಬಂದು, ಎಲ್ಲ ಇಂಗ್ಲೆಂಡಿನ ಅಸಲು ಮಾಲೆಂದು ತಿಳಿದು ಒಳ್ಳೆಯ ಬೆಲೆ ಹೇಳಿಯೇಬಿಟ್ಟರು. ನಾವು ಕೂಡಲೇ ನಿಜ ಹೇಳಲಿಲ್ಲ. ಎರಡನೇ ಲೋಟ ಕಾಫಿ ಆಗುವವರೆಗೂ ಆ ಹೊಗಳಿಕೆಯನ್ನು ಅನುಭವಿಸುತ್ತ ಕೂತೆವು, ಆಮೇಲೆ ಹೇಳಿದೆವು. ಈ ಸಣ್ಣತನವನ್ನು ಇಲ್ಲಿ ಒಪ್ಪಿಕೊಳ್ಳುವುದಕ್ಕೆ ಕಾರಣವಿದೆ. ಜೇಬಿಗೆ ಲಾಭವಿಲ್ಲದ ನಮಗೇ ಎರಡು ಲೋಟದಷ್ಟು ಹೊತ್ತು ನಾಲಗೆ ಏಳಲಿಲ್ಲ. ಸಾವಿರಾರು ಡಾಲರಿನ ವ್ಯವಹಾರವಿದ್ದಲ್ಲಿ ನಾಲಗೆ ಎಷ್ಟು ಹೊತ್ತು ಮಲಗಿರಬಹುದು?

ನಕಲಿಗೆ ಹಳೆಯ ಮುದ್ರೆ ಒತ್ತಿ, ಬಣ್ಣ ಉಜ್ಜಿ, ಮಣ್ಣಿನಲ್ಲಿ ಹೂತು ತೆಗೆದು ಅಸಲೆಂದು ಸಾಗಹಾಕುವ ಕೆಲಸ ಹಳೆಯ ವಸ್ತುಗಳ ಎಲ್ಲ ಮಾರುಕಟ್ಟೆಗಳಲ್ಲೂ ಇದ್ದದ್ದೇ, ಬಂದೂಕಿನದೂ ಹೊರತಲ್ಲ. ನಕಲು ಮಾಡಲಿ, ಆದರೆ ತೆಗೆದರೆ ಹೋಗದಂಥ ಜಾಗದಲ್ಲಿ ತಯಾರಿಸಿದವನ ಹೆಸರೂ ಇಸವಿಯೂ ಇರಲಿ ಎಂಬುದು ನಮ್ಮ ಅಭಿಪ್ರಾಯ. ಕೆಲಸ ಮಾಡುವ ಸೈಲೆನ್ಸರಿನ ಮೇಲೆ ತಯಾರಕನ ಹೆಸರು, ಸಂಖ್ಯೆ ಇರಲೇಬೇಕೆಂದು ಅಮೆರಿಕದ ಕಾನೂನು ವಿಧಿಸುತ್ತದೆ. ಕೆಲ ಸಂಗ್ರಾಹಕರು ಇದರಿಂದ ರೂಪ ಕೆಡುತ್ತದೆಂದು ಗೊಣಗುತ್ತಾರೆ. ನಮಗಂತೂ ಅದು ಅವರಿಗೇ ರಕ್ಷೆಯೆಂದು ತೋರುತ್ತದೆ. ಚೆರಿ ಕಾಫಿಯನ್ನು ಪಾರ್ಚ್‌ಮೆಂಟ್ ಚೀಲದಲ್ಲಿ ತುಂಬಿ ಕಳಿಸಿದವನ ಗತಿ ಏನಾಯಿತೆಂದು ನಮ್ಮ ಹಳೆಯ ಸದಸ್ಯರಿಗೆ ನೆನಪಿಸಬೇಕಾಗಿಲ್ಲ.

ಆ ದೇಶದ ಕಾನೂನಿನ ಬಗ್ಗೆ ನಾವು ಹೇಳುವುದಕ್ಕೆ ಯಾರು ಎಂದು ಕೇಳಬಹುದು. ಓದಿದ್ದರ ಮೇಲೆ ಒಂದು ಅಭಿಪ್ರಾಯ ಉಂಟು, ಅಷ್ಟೇ. 1934ರ ಆ 200 ಡಾಲರ್ ತೆರಿಗೆ ತೊಂಬತ್ತು ವರ್ಷ ಒಂದು ಸೆಂಟೂ ಏರದೆ ನಿಂತಿತ್ತು. 2025ರ ಜುಲೈ 4ರಂದು ಅಂಕಿತವಾದ ಕಾನೂನಿನಲ್ಲಿ ಸೈಲೆನ್ಸರಿನ ಮಟ್ಟಿಗೆ ಅದನ್ನು 2026ರ ಜನವರಿ 1ರಿಂದ ಸೊನ್ನೆಗೆ ಇಳಿಸಿದರು. ನೋಂದಣಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಐವತ್ತು ರಾಜ್ಯಗಳಲ್ಲಿ ನಲವತ್ತೆರಡು ಖಾಸಗಿಯವರಿಗೆ ಅದನ್ನು ಹೊಂದಲು ಬಿಡುತ್ತವೆ, ಎಂಟು ಬಿಡುವುದಿಲ್ಲ. ತೆರಿಗೆ ಹೋದದ್ದು ಸರಿ, ನೋಂದಣಿ ಉಳಿದದ್ದು ಇನ್ನೂ ಸರಿ ಎಂದು ನಮಗೆ ಅನ್ನಿಸುತ್ತದೆ. ದುಡ್ಡಿದ್ದವನಿಗೆ ಮಾತ್ರ ಎಂಬ ಬೇಲಿಯಿಂದ ಕಳ್ಳತನ ನಿಲ್ಲುವುದಿಲ್ಲ. ಯಾರ ಬಳಿ ಏನಿದೆ ಎಂಬ ಪಟ್ಟಿಯಿಂದ ಸ್ವಲ್ಪ ನಿಲ್ಲುತ್ತದೆ. ಹೀಗೆ ನೋಂದಾಯಿಸಿಕೊಂಡು, ಕಾಗದಪತ್ರ ಸರಿಯಿಟ್ಟುಕೊಂಡು, ಯುದ್ಧದ ತಾಂತ್ರಿಕ ಚರಿತ್ರೆಯನ್ನು ಕಾಪಾಡುವ ಆ ಸೋದರಮಾವನಂಥವರನ್ನು ನಾವು ದೂರುವುದಿಲ್ಲ. ಡಿ ಲೈಲಿನ ಸದ್ದು ಎಷ್ಟಿತ್ತೆಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ, ನಿಷ್ಠೆಯಿಂದ ಮಾಡಿದ ನಕಲಿನಲ್ಲಿ ಹೊಡೆದು ಅಳೆಯುವುದು ಬೇರೆ.

ಆದರೆ ಅವರ ಬೀರು ಅಲ್ಲಿದೆ, ನಮ್ಮ ಬೀರು ಇಲ್ಲಿದೆ. 1959ರ ನಮ್ಮ ಆಯುಧ ಕಾಯಿದೆಯ ಎರಡನೇ ಪ್ರಕರಣವನ್ನು ಸದಸ್ಯರು ಒಮ್ಮೆ ಓದಬೇಕು. ಬಂದೂಕು ಎಂದರೆ ಏನೆಂದು ಹೇಳುವಲ್ಲಿ, ಬಂದೂಕಿನ ಸದ್ದನ್ನಾಗಲಿ ಬೆಂಕಿಯ ಮಿಂಚನ್ನಾಗಲಿ ತಗ್ಗಿಸಲೆಂದು ರೂಪಿಸಿದ ಉಪಕರಣವೂ ಬಂದೂಕೇ ಎಂದು ಸ್ಪಷ್ಟವಾಗಿ ಸೇರಿಸಿದ್ದಾರೆ. ಅಂದರೆ ಕೊಳವೆಯೊಂದೇ ಬಂದರೂ ಪೂರಾ ಬಂದೂಕು ಬಂದಂತೆ. ಪರವಾನಗಿಯಿಲ್ಲದೆ ಅದನ್ನು ವಿದೇಶದಿಂದ ತರಿಸುವುದು ಅಪರಾಧ, ಇಟ್ಟುಕೊಳ್ಳುವುದು ಇನ್ನೊಂದು ಅಪರಾಧ, ಎರಡಕ್ಕೂ ಸೆರೆಮನೆಯುಂಟು. ಅಜ್ಜನ ರೈಫಲಿಗೆ ಇರುವ ಪರವಾನಗಿ ಈ ಕೊಳವೆಯನ್ನು ಕಾಯುವುದಿಲ್ಲ. ಕೆಲಸಕ್ಕೆ ಬಾರದ, ರಿಪೇರಿಯಾಗದ ಪುರಾತನ ಆಯುಧಗಳಿಗೆ ಕಾಯಿದೆಯ 45ನೇ ಪ್ರಕರಣದಲ್ಲಿ ಸಡಿಲಿಕೆ ಇರುವುದು ನಿಜ; ಕಳೆದ ವರ್ಷ ಮಾಡಿದ ನಕಲು ಪುರಾತನವಾಗುವುದು ಹೇಗೆ?

ಬೊಂಬೆಯಲ್ಲವೇ, ಒಳಗೆ ಟೊಳ್ಳಲ್ಲವೇ ಎಂದು ತರುಣರು ಕೇಳಿದರು. ಇರಬಹುದು. ಟೊಳ್ಳು ಕೊಳವೆಯನ್ನು ಸದ್ದು ತಗ್ಗಿಸಲೆಂದೇ ರೂಪಿಸಿದ್ದಲ್ಲ ಎಂದು ವಾದಿಸಲು ಅವಕಾಶವೂ ಇರಬಹುದು. ಆದರೆ ಆ ವಾದವನ್ನು ಎಲ್ಲಿ ಮಾಡಬೇಕು? ಬಂದರಿನ ಕಸ್ಟಮ್ಸ್ ಕಚೇರಿಯಲ್ಲಿ ಪೆಟ್ಟಿಗೆ ತೆರೆದ ಅಧಿಕಾರಿಗೆ ಪಲ್ಪರಿನ ತಾಮ್ರದ ತಗಡುಗಳ ನಡುವೆ ಕಂಡದ್ದು ಸೈಲೆನ್ಸರಿನ ಆಕಾರದ ವಸ್ತು. ಪಾರ್ಸೆಲು ಯಾರ ಹೆಸರಿನಲ್ಲಿದೆ? ಸಂಘದ ಹೆಸರಿನಲ್ಲಿ. ಸಹಿ ಯಾರದು? ಕಾರ್ಯದರ್ಶಿಯದು. ಪ್ರಯೋಗಾಲಯದ ವರದಿ ಬಂದು ಅದು ಬೊಂಬೆಯೆಂದು ತೀರ್ಮಾನವಾಗುವ ಹೊತ್ತಿಗೆ ನೂರಾರು ಸದಸ್ಯರ ಬಿಡಿಭಾಗಗಳು ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿರುತ್ತವೆ, ಅರೇಬಿಕಾ ಹಣ್ಣಾಗಿ ಉದುರುತ್ತಿರುತ್ತದೆ. ಎರಡೆಕರೆಯವನ ಪಲ್ಪರ್ ನಿಂತರೆ ಅವನ ವರ್ಷವೇ ನಿಂತಂತೆ. ಒಬ್ಬರ ಬೀರುವಿನ ಅಂದಕ್ಕಾಗಿ ಇಷ್ಟನ್ನು ಪಣಕ್ಕಿಡುವ ಅಧಿಕಾರ ಸಂಘದ ಬೈಲಾ ನಮಗೆ ಕೊಟ್ಟಿಲ್ಲ.

ಕಾನೂನಿನ ಮಾತು ಅಲ್ಲಿಗಿರಲಿ. ಅದಕ್ಕಿಂತ ನಮ್ಮನ್ನು ಕಾಡಿದ್ದು ಬೇರೆ. ನಮ್ಮ ಸೀಮೆಯಲ್ಲಿ ಈಡಿನ ಸದ್ದು ಬರೀ ಸದ್ದಲ್ಲ, ಅದು ಸುದ್ದಿ. ಕೊಡಗಿನ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹೊಡೆಯುವ ಪದ್ಧತಿಯನ್ನು ನೆನೆಯಿರಿ. ಬೆಟ್ಟದಾಚೆಯ ನೆಂಟರು ಎಣಿಸಿ ಹೊರಟು ಬರುತ್ತಿದ್ದರು. ಕೈಲ್‌ಪೊಳ್ದಿನ ದಿನ ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುವ ನಾಡು ಅದು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿಗೆ ಆಯುಧ ಕಾನೂನಿನಿಂದ ವಿನಾಯಿತಿ ಘೋಷಿಸಿದ್ದು, ಇಂದಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿದಿರುವುದು ತಮಗೆ ಗೊತ್ತೇ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿದವರ ಅರ್ಜಿಯ ಮೇಲೆ 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಇಂಥ ವಿಶ್ವಾಸ ಬಯಲಲ್ಲಿ ಸದ್ದು ಮಾಡಿ ಬದುಕಿದ ಕೋವಿಗೆ ದೊರೆತದ್ದು. ಬೆಳೆಗಾರನ ಮನೆಯಲ್ಲಿ ಸೈಲೆನ್ಸರ್ ಸಿಕ್ಕಿತೆಂಬ ಒಂದೇ ಒಂದು ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ಅದು ಬೊಂಬೆಯೋ ಅಸಲೋ ಎಂದು ಕೇಳಿ ಓದುವವರು ಯಾರು? ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟು, ಮರಳಿ ಪಡೆಯಲು ಅಲೆದು, ಅಷ್ಟರಲ್ಲಿ ಹಂದಿ ಗದ್ದೆ ಮುಗಿಸಿದ್ದನ್ನು ಕಂಡವರು ನಾವು. ಇರುವ ಕಷ್ಟ ಸಾಕು.

ಕಾಡಿನಂಚಿನ ತೋಟದಲ್ಲಿ ಕೋವಿಯ ಸದ್ದೇ ಕಾವಲುಗಾರ. ರಾತ್ರಿ ಈಡು ಕೇಳಿದರೆ ಎಲ್ಲಿಂದ, ಯಾರ ತೋಟದಿಂದ ಎಂದು ನಾಲ್ಕು ಮನೆಯವರು ಎದ್ದು ಕೂರುತ್ತಾರೆ, ಬೆಳಿಗ್ಗೆ ಕೇಳುತ್ತಾರೆ. ಕಳ್ಳಬೇಟೆಯವನು ಹೆದರುವುದು ಅರಣ್ಯ ಇಲಾಖೆಗಿಂತ ಮೊದಲು ಈ ಕಿವಿಗಳಿಗೆ. 1972ರ ವನ್ಯಜೀವಿ ಕಾಯಿದೆ ಕಾಗದದ ಮೇಲೆ ಎಷ್ಟೇ ಬಿಗಿಯಾಗಿದ್ದರೂ ಕಾಡಿನೊಳಗೆ ಅದರ ಕೈ ಈ ಸದ್ದೇ. ಇನ್ನು ಕಾಫಿ ಕೊಯ್ಲಿನ ಕಾಲದಲ್ಲಿ ಗಿಡದ ಮರೆಯಲ್ಲಿ ಹೆಂಗಸರು, ಮಕ್ಕಳು ಎಲ್ಲೆಲ್ಲಿ ಕೂತಿರುತ್ತಾರೆಂದು ಮೇಸ್ತ್ರಿಗೂ ಗೊತ್ತಿರುವುದಿಲ್ಲ. ಮೊದಲ ಈಡಿನ ಸದ್ದು ಕೇಳಿ ಅವರು ಕೂಗಿಕೊಂಡರೆ ಎರಡನೆಯದು ನಿಲ್ಲುತ್ತದೆ. ಅಜ್ಜನ ರೈಫಲಿನ ಒಡಲಿಗೆ ಸಂಬಂಧಪಟ್ಟ ಕೊಳವೆ ಬೀರುವಿನಲ್ಲಿ ಪಕ್ಕದಲ್ಲೇ ಇದ್ದರೆ, ಇಂದು ಬೊಂಬೆಯಾದದ್ದನ್ನು ನಾಳೆ ಯಾರೋ ಒಬ್ಬ ಕೈಚಳಕದವನು ಬೊಂಬೆಯಾಗಿಯೇ ಉಳಿಸುತ್ತಾನೆಂದು ನಾವು ಹೇಗೆ ನಂಬೋಣ? ಸದ್ದು ತಗ್ಗಿದರೆ ಕಿವಿಗೆ ಒಳ್ಳೆಯದೆಂಬ ವಾದವನ್ನು ನಮ್ಮ ಎಡಗಿವಿ ಸಂಪೂರ್ಣವಾಗಿ ಒಪ್ಪುತ್ತದೆ. ಅದಕ್ಕೆ ನೂರಿನ್ನೂರು ರೂಪಾಯಿಯ ಕಿವಿಮುಚ್ಚಿಗೆ ಸಾಕು, ಸಂಘದ ಮಳಿಗೆಯಲ್ಲೇ ಸಿಗುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಹಿಡಿಯುವವರೂ ಹಾಕಿಕೊಂಡರೆ ಒಳ್ಳೆಯದು.

ಮೊನ್ನೆ ಆ ತರುಣ ಸದಸ್ಯರು ತಾವಾಗಿಯೇ ಕಚೇರಿಗೆ ಬಂದರು. ಮುಖದಲ್ಲಿ ಇನ್ನೂ ಬಿಗುವಿತ್ತು. ಆಯುಧ ಕಾಯಿದೆಯ ಪ್ರತಿಯನ್ನು ಮುಂದಿಟ್ಟೆವು. ಎರಡನೇ ಪ್ರಕರಣವನ್ನು ಎರಡು ಸಲ ಓದಿ, ಮಾವನಿಗೆ ಪತ್ರ ಬರೆಯುತ್ತೇನೆಂದರು. ಕೊಳವೆಯ ಬದಲು ಡಿ ಲೈಲಿನ ಫೋಟೊಗಳೂ ಅಳತೆಯಿಲ್ಲದ ರೇಖಾಚಿತ್ರವೂ ಬರುತ್ತವಂತೆ, ಅಜ್ಜನ ರೈಫಲಿನ ಹಿಂದೆ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುತ್ತಾರಂತೆ. ವಾರ್ಷಿಕ ಮಹಾಸಭೆಯ ಮಧ್ಯಾಹ್ನ, ಊಟವಾದ ಮೇಲೆ, ಆ ಚಿತ್ರಗಳನ್ನು ತೋರಿಸಿ ಅರ್ಧ ಗಂಟೆ ಮಾತಾಡಬೇಕೆಂದು ಕೇಳಿಕೊಂಡಿದ್ದೇವೆ. ಒಪ್ಪಿದ್ದಾರೆ, ಪ್ರಶ್ನೆ ಕೇಳುವ ಮೊದಲ ಹಕ್ಕು ಮಾತ್ರ ಕಾರ್ಯದರ್ಶಿಗಳಿಗೆ ಕೊಡುವುದಿಲ್ಲವಂತೆ.

ಪಲ್ಪರ್ ಬಿಡಿಭಾಗಗಳ ಪಟ್ಟಿ ಈ ತಿಂಗಳ 20ಕ್ಕೆ ಕಳುಹಿಸಲ್ಪಡುತ್ತದೆ. ತಾಮ್ರದ ತಗಡು, ಜರಡಿ, ಬೇರಿಂಗು ಬೇಕಾದವರು ಯಂತ್ರದ ಸಂಖ್ಯೆ ಸಹಿತ ಅಷ್ಟರೊಳಗೆ ಹೆಸರು ಕೊಡಬೇಕು. ಬೇರೆ ಪಾರ್ಸೆಲುಗಳನ್ನು ಸೇರಿಸಲಾಗುವುದಿಲ್ಲ.

ಕಾರ್ಯದರ್ಶಿ